ಡಿಎಪಿ ಹಾಕಿದರೆ ಮಣ್ಣು ಕಲ್ಲಾಗುತ್ತದೆಯೇ? ಹಾಕಿದ ರಂಜಕ ಎಲ್ಲಿಗೆ ಹೋಗುತ್ತದೆ?

ಮುಂಗಾರಿನ ಮೊದಲ ಹದ ಮಳೆ ಬಿದ್ದು, ಗೊಬ್ಬರದ ಅಂಗಡಿ ಮುಂದೆ ಸಾಲು ಬೆಳೆಯುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲೂ ಗೊಬ್ಬರದ ಸಂದೇಶಗಳು ಶುರುವಾಗುತ್ತವೆ. ಅವು ಸಾಮಾನ್ಯವಾಗಿ ಎರಡು ಬಗೆ. ಒಂದು ಬಗೆ ಹೆದರಿಸುತ್ತದೆ: ಡಿಎಪಿ ವಿಷ, ಅದನ್ನು ಹಾಕಿದ ಭೂಮಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಆ ಅನ್ನ ಉಂಡವರಿಗೆ ಕ್ಯಾನ್ಸರ್ ಬರುತ್ತದೆ. ಇನ್ನೊಂದು ಬಗೆ ಆಸೆ ಹುಟ್ಟಿಸುತ್ತದೆ: ಎಕರೆಗೆ ಒಂದು ಚೀಲ ಸಾಲದು, ಎರಡು ಹಾಕಿ, ಐದೇ ದಿನದಲ್ಲಿ ಪೈರು ಕಡು ಹಸಿರಾಗುವುದನ್ನು ಕಣ್ಣಾರೆ ನೋಡಿ.

ಎರಡೂ ಸರಿಯಲ್ಲ. ಆದರೆ ಎರಡರ ಬಾಲದಲ್ಲೂ ಒಂದಿಷ್ಟು ನಿಜ ಅಂಟಿಕೊಂಡಿದೆ. ಅದಕ್ಕೇ ಇವು ಪ್ರತಿ ವರ್ಷ ಮರುಹುಟ್ಟು ಪಡೆಯುತ್ತವೆ. ಚುಟುಕಾಗಿ ಹೇಳಬೇಕೆಂದರೆ, ರಂಜಕದ ಗೊಬ್ಬರ ಮಣ್ಣನ್ನು ಕಲ್ಲು ಮಾಡುವುದಿಲ್ಲ. ಹಾಕಿದ ರಂಜಕದ ದೊಡ್ಡ ಪಾಲು ಆ ವರ್ಷದ ಬೆಳೆಗೆ ಸಿಗುವುದೂ ಇಲ್ಲ, ಮಣ್ಣಿನಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಗೊಬ್ಬರ ಉಂಡ ಹೊಲದಲ್ಲಿ ನೀವು ಸಾಲಿನಲ್ಲಿ ನಿಂತು ಕೊಂಡು ತರುವ ವಸ್ತು ಆಗಲೇ ಸಾಕಷ್ಟು ಇರಬಹುದು. ಇದೆಯೋ ಇಲ್ಲವೋ ಎಂದು ಬರಿಗಣ್ಣಿಗೆ ಕಾಣುವುದಿಲ್ಲ ಎನ್ನುವುದೇ ತೊಂದರೆ.

ಚೀಲದ ಮೇಲಿನ ಅಂಕಿ ಏನು ಹೇಳುತ್ತದೆ?

ಡಿಎಪಿ ಚೀಲದ ಮೇಲೆ 18-46-0 ಎಂದಿರುತ್ತದೆ. ನೂರು ಕೆಜಿ ಗೊಬ್ಬರದಲ್ಲಿ 18 ಕೆಜಿ ಸಾರಜನಕ, 46 ಕೆಜಿ ರಂಜಕ, ಪೊಟ್ಯಾಷ್ ಸೊನ್ನೆ ಎಂದು ಅರ್ಥ. 50 ಕೆಜಿ ಚೀಲಕ್ಕೆ ಲೆಕ್ಕ ಹಾಕಿದರೆ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಇಲ್ಲೊಂದು ಸಣ್ಣ ತಿರುವು ಇದೆ. ಗೊಬ್ಬರದ ಲೋಕದಲ್ಲಿ ರಂಜಕವನ್ನು ಅದರ ಆಕ್ಸೈಡ್ ರೂಪದಲ್ಲಿ ಅಳೆಯುವುದು ಹಳೆಯ ರೂಢಿ. ಆ 23 ಕೆಜಿಯಲ್ಲಿ ಶುದ್ಧ ರಂಜಕ ಸುಮಾರು 10 ಕೆಜಿ ಮಾತ್ರ. ಮಣ್ಣು ಪರೀಕ್ಷೆಯ ಚೀಟಿ ಓದುವಾಗ ಈ ವ್ಯತ್ಯಾಸ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ನಮ್ಮ ರೈತರು ಬರೀ 'ಸೂಪರ್' ಎನ್ನುವ ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ ರಂಜಕ ಶೇ 16. ಜೊತೆಗೆ ಶೇ 11ರಷ್ಟು ಗಂಧಕ ಮತ್ತು ಸಾಕಷ್ಟು ಸುಣ್ಣದಂಶ ಇರುತ್ತದೆ. ಈ ಗೊಬ್ಬರದ ವಯಸ್ಸು ಬಹಳ ಜನಕ್ಕೆ ಗೊತ್ತಿಲ್ಲ. ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಎಂಬವರು ಮೂಳೆ ಮತ್ತು ರಂಜಕದ ಕಲ್ಲನ್ನು ಗಂಧಕಾಮ್ಲದಲ್ಲಿ ಕರಗಿಸಿ ಗೊಬ್ಬರ ಮಾಡುವ ವಿಧಾನಕ್ಕೆ 1842ರಲ್ಲಿ ಪೇಟೆಂಟ್ ಪಡೆದರು. ಇಂದಿನ ಸೂಪರ್ ಅದರ ನೇರ ಸಂತಾನ. ಬರೀ ಕಲ್ಲಿನ ಪುಡಿ ಬೇಗ ಕರಗುವುದಿಲ್ಲ, ಆಮ್ಲ ಹಾಕಿದರೆ ನೀರಿನಲ್ಲಿ ಕರಗುವ ರೂಪಕ್ಕೆ ಬರುತ್ತದೆ. ಡಿಎಪಿಯೂ ಇದೇ ಕಥೆ. ಕಲ್ಲಿನಿಂದ ಫಾಸ್ಫರಿಕ್ ಆಮ್ಲ ತೆಗೆದು, ಅದಕ್ಕೆ ಅಮೋನಿಯಾ ಸೇರಿಸಿ ಗುಳಿಗೆ ಕಟ್ಟಿದರೆ ಡಿಎಪಿ.

ಆ ಕಲ್ಲು ನಮ್ಮಲ್ಲಿ ಕಡಿಮೆ. ರಾಜಸ್ಥಾನದ ಉದಯಪುರದ ಹತ್ತಿರ ಝಾಮರ್‌ಕೋಟ್ರಾದಲ್ಲಿ ಗಣಿ ಇದೆ. ಆದರೆ ದೇಶದ ಹಸಿವಿಗೆ ಅದು ಸಾಲದು. ಜಗತ್ತಿನಲ್ಲಿ ತಿಳಿದಿರುವ ನಿಕ್ಷೇಪದ ಸುಮಾರು ಶೇ 70 ಭಾಗ ಮೊರಾಕ್ಕೊ ದೇಶದ ಕೈಯಲ್ಲಿದೆ. ನಾವು ಬಳಸುವ ಡಿಎಪಿಯಲ್ಲಿ ಸುಮಾರು ಅರ್ಧ ಸಿದ್ಧ ಗೊಬ್ಬರವಾಗಿಯೇ ಹಡಗಿನಲ್ಲಿ ಬರುತ್ತದೆ, ಉಳಿದರ್ಧ ಇಲ್ಲೇ ತಯಾರಾದರೂ ಅದರ ಕಚ್ಚಾವಸ್ತು ಬಹುಪಾಲು ಹೊರಗಿನದೇ. 2021ರಲ್ಲಿ ಚೀನಾ ತನ್ನ ರಫ್ತಿಗೆ ಕಡಿವಾಣ ಹಾಕಿದ ಮೇಲೆ ನಮ್ಮ ಹೋಬಳಿ ಮಟ್ಟದ ಅಂಗಡಿಯಲ್ಲೂ ಅದರ ಬಿಸಿ ತಟ್ಟಿತು. ಸಬ್ಸಿಡಿ ಇರುವುದರಿಂದ ನಿಮ್ಮ ಕೈಗೆ ಚೀಲ 1,350 ರೂಪಾಯಿಗೆ ಸಿಗುತ್ತದೆ. ನಿಜವಾದ ಬೆಲೆ ಅದಕ್ಕಿಂತ ಬಹಳ ಹೆಚ್ಚು.

ಹಗೇವು ತುಂಬಿದೆ, ಡಬ್ಬಿ ಖಾಲಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಿಂದೆ ನಮ್ಮ ಊರುಗಳಲ್ಲಿ ನೆಲದೊಳಗೆ ಗುಂಡಿ ತೋಡಿ ರಾಗಿ, ಜೋಳ ತುಂಬಿಡುತ್ತಿದ್ದ ಹಗೇವು ಇರುತ್ತಿತ್ತು. ಹಗೇವಿನಲ್ಲಿ ಗಾಡಿಗಟ್ಟಲೆ ಕಾಳಿದ್ದರೂ ಆವತ್ತಿನ ಮುದ್ದೆಗೆ ಬೇಕಾದದ್ದು ಅಡುಗೆಮನೆಯ ಡಬ್ಬಿಯಲ್ಲಿರುವ ಹಿಟ್ಟು. ಮಣ್ಣಿನ ರಂಜಕವೂ ಹೀಗೆಯೇ. ಒಂದು ಎಕರೆಯ ಮೇಲ್ಮಣ್ಣಿನಲ್ಲಿ ಒಟ್ಟು ರಂಜಕ ಸಾಮಾನ್ಯವಾಗಿ ನೂರಾರು ಕೆಜಿ ಇರುತ್ತದೆ. ಆದರೆ ಬೇರು ಹೀರಬಲ್ಲದ್ದು ಮಣ್ಣಿನ ನೀರಿನಲ್ಲಿ ಕರಗಿರುವ ರಂಜಕವನ್ನು ಮಾತ್ರ. ಯಾವುದೇ ಒಂದು ಹೊತ್ತಿನಲ್ಲಿ ಅದು ಎಕರೆಗೆ ಗ್ರಾಂ ಲೆಕ್ಕದಲ್ಲಿರುತ್ತದೆ. ಬೇರು ಅದನ್ನು ಹೀರಿದಂತೆ ಮಣ್ಣಿನ ಕಣಗಳಿಂದ ಇನ್ನಷ್ಟು ಬಿಡುಗಡೆಯಾಗಬೇಕು. ದಿನಕ್ಕೆ ಹಲವು ಸಲ ಡಬ್ಬಿ ತುಂಬಬೇಕು. ಹಾಗೆ ತುಂಬುವ ವೇಗ ಸಾಲದೆ ಹೋದಾಗ ಬೆಳೆ ಸೊರಗುತ್ತದೆ.

ನೀವು ಹಾಕಿದ ಗೊಬ್ಬರ ಮೊದಲು ಡಬ್ಬಿಗೆ ಬೀಳುತ್ತದೆ. ಡಿಎಪಿ ಗುಳಿಗೆ ಮಣ್ಣಿನ ತೇವ ಹೀರಿ ಕೆಲವೇ ದಿನಗಳಲ್ಲಿ ಕರಗುತ್ತದೆ. ಆದರೆ ಕರಗಿದ ಫಾಸ್ಫೇಟ್ ಬಹಳ ಹೊತ್ತು ಒಂಟಿಯಾಗಿ ಇರುವುದಿಲ್ಲ. ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಮತ್ತು ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದುಕೊಳ್ಳುತ್ತವೆ. ವಿಜಯಪುರ, ಕಲಬುರಗಿ ಕಡೆಯ ಸುಣ್ಣ ತುಂಬಿದ ಎರೆ ಮಣ್ಣಿನಲ್ಲಿ ಆ ಕೆಲಸವನ್ನು ಕ್ಯಾಲ್ಸಿಯಂ ಮಾಡುತ್ತದೆ. ರಸಸಾರ 6ರಿಂದ 7.5ರ ನಡುವೆ ಇರುವ ಮಣ್ಣಿನಲ್ಲಿ ಈ ಹಿಡಿತ ಸಡಿಲ. ಒಟ್ಟಿನಲ್ಲಿ, ಹಾಕಿದ ರಂಜಕದಲ್ಲಿ ಆ ಹಂಗಾಮಿನ ಬೆಳೆ ಬಳಸುವುದು ಸಾಮಾನ್ಯವಾಗಿ ಶೇ 10ರಿಂದ 25ರಷ್ಟು ಮಾತ್ರ.

ಈ ಅಂಕಿಯನ್ನೇ ಹಿಡಿದು 'ಶೇ 80 ಗೊಬ್ಬರ ವ್ಯರ್ಥ' ಎಂದು ಬರೆದ ಸಂದೇಶಗಳನ್ನೂ ನೀವು ನೋಡಿರುತ್ತೀರಿ. ಅದು ಅರ್ಧ ಸತ್ಯ. ಯೂರಿಯಾದ ಸಾರಜನಕ ಗಾಳಿಗೆ ಹಾರುತ್ತದೆ, ನೀರಿನ ಜೊತೆ ಆಳಕ್ಕೆ ಇಳಿಯುತ್ತದೆ. ಅದು ಕಳೆದುಹೋದರೆ ಕಳೆದುಹೋದಂತೆ. ರಂಜಕಕ್ಕೆ ಗಾಳಿಗೆ ಹಾರುವ ದಾರಿ ಇಲ್ಲ, ಹೆಚ್ಚಿನ ಮಣ್ಣಿನಲ್ಲಿ ಆಳಕ್ಕೂ ಇಳಿಯುವುದಿಲ್ಲ. ಈ ವರ್ಷ ಬೆಳೆಗೆ ಸಿಗದ್ದು ಹಗೇವಿಗೆ ಸೇರುತ್ತದೆ. ಅದರಲ್ಲಿ ಒಂದು ಪಾಲು ಮುಂದಿನ ವರ್ಷಗಳಲ್ಲಿ ನಿಧಾನಕ್ಕೆ ಹೊರಬರುತ್ತದೆ.

ಎಷ್ಟು ನಿಧಾನಕ್ಕೆ? ಲಾಸ್ ಅವರದೇ ಜಮೀನಾಗಿದ್ದ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಒಂದು ಹೊಲವಿದೆ. ಅಲ್ಲಿನ ಕೆಲವು ತಾಕುಗಳಿಗೆ 1901ರವರೆಗೆ ರಂಜಕ, ಕೊಟ್ಟಿಗೆ ಗೊಬ್ಬರ ಕೊಟ್ಟು ಆಮೇಲೆ ನಿಲ್ಲಿಸಿದರು. ಏನೂ ಕಾಣದ ಪಕ್ಕದ ತಾಕಿಗಿಂತ ಆ ತಾಕುಗಳಲ್ಲಿ ಬೆಳೆ ಹತ್ತಾರು ವರ್ಷಗಳ ನಂತರವೂ ಚೆನ್ನಾಗಿ ಬರುತ್ತಿತ್ತು. ತಾತ ಹಾಕಿದ ಗೊಬ್ಬರವನ್ನು ಮೊಮ್ಮಗನ ಬೆಳೆ ಉಂಡಂತೆ.

ಗದ್ದೆಯಲ್ಲಿ ಇನ್ನೊಂದು ಸ್ವಾರಸ್ಯ. ನೀರು ನಿಲ್ಲಿಸಿದಾಗ ಮಣ್ಣಿನಲ್ಲಿ ಗಾಳಿ ಇಲ್ಲದೆ ಕಬ್ಬಿಣದ ರೂಪ ಬದಲಾಗಿ, ಅದು ಹಿಡಿದಿಟ್ಟುಕೊಂಡಿದ್ದ ರಂಜಕ ಒಂದಿಷ್ಟು ಬಿಡುಗಡೆಯಾಗುತ್ತದೆ. ಭತ್ತಕ್ಕೆ ಇದು ಪುಕ್ಕಟೆ ಲಾಭ. ನೀರು ಬಸಿದು ಅದೇ ಗದ್ದೆಯಲ್ಲಿ ಬೇಸಿಗೆ ಬೆಳೆ ಇಟ್ಟಾಗ ಹಿಡಿತ ಮತ್ತೆ ಬಿಗಿಯಾಗುತ್ತದೆ. ಎರಡರಲ್ಲಿ ಒಂದೇ ಬೆಳೆಗೆ ರಂಜಕ ಕೊಡುವಷ್ಟು ಹಣವಿದ್ದರೆ ಅದನ್ನು ಭತ್ತಕ್ಕಿಂತ ಹಿಂಗಾರಿನ ಬೆಳೆಗೆ ಕೊಡುವುದು ಜಾಣತನ.

'ಐದೇ ದಿನದಲ್ಲಿ ಕಡು ಹಸಿರು' ಯಾರ ಕೆಲಸ?

ಮೆಕ್ಕೆಜೋಳ ಮೊಣಕಾಲೆತ್ತರ ಬಂದ ಮೇಲೆ ಡಿಎಪಿ ಎರಚಿ, ವಾರದಲ್ಲಿ ಹೊಲ ಹಸಿರಾದ ವಿಡಿಯೊಗಳಿಗೆ ಲೆಕ್ಕವಿಲ್ಲ. ಹೊಲ ಹಸಿರಾದದ್ದು ಸುಳ್ಳಲ್ಲ. ಆದರೆ ಆ ಹಸಿರು ರಂಜಕದ್ದಲ್ಲ, ಚೀಲದೊಳಗಿನ 9 ಕೆಜಿ ಸಾರಜನಕದ್ದು. ಫಾಸ್ಫೇಟ್ ಮಣ್ಣಿನಲ್ಲಿ ತಾನಿದ್ದ ಜಾಗದಿಂದ ಕದಲುವುದೇ ಕೆಲವು ಮಿಲಿಮೀಟರ್. ಮೇಲೆ ಎರಚಿದ ಗುಳಿಗೆಯ ರಂಜಕ ಮಣ್ಣಿನ ಮೇಲ್ಪದರದಲ್ಲೇ ಸಿಕ್ಕಿಕೊಂಡು, ಕೆಳಗಿನ ಬೇರಿಗೆ ಆ ಹಂಗಾಮಿನಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಅಷ್ಟೇ 9 ಕೆಜಿ ಸಾರಜನಕಕ್ಕೆ 20 ಕೆಜಿ ಯೂರಿಯಾ ಸಾಕು. 45 ಕೆಜಿ ಚೀಲಕ್ಕೆ 266 ರೂಪಾಯಿ ಐವತ್ತು ಪೈಸೆಯ ಲೆಕ್ಕದಲ್ಲಿ ಅದರ ಬೆಲೆ 120 ರೂಪಾಯಿ ದಾಟುವುದಿಲ್ಲ. ಅಂದರೆ ನಿಂತ ಬೆಳೆಗೆ 1,350 ರೂಪಾಯಿಯ ಚೀಲ ಎರಚಿ 120 ರೂಪಾಯಿಯ ಫಲಿತಾಂಶ ನೋಡಿ ಸಂತೋಷಪಟ್ಟಂತಾಯಿತು. ಉಳಿದ ಹಣ ಮಣ್ಣಲ್ಲಿ ಕೂತಿರುತ್ತದೆ. ಮುಂದೆ ಉಳುಮೆಯಲ್ಲಿ ಬೆರೆತಾಗ ಉಪಯೋಗಕ್ಕೆ ಬಂದೀತು. ಆದರೆ ಸಾಲ ಮಾಡಿ ತಂದವರಿಗೆ ಈ ವರ್ಷದ ಲೆಕ್ಕ ಮುಖ್ಯ.

ಹಾಗಾದರೆ ರಂಜಕ ಬೇಕಾಗುವುದು ಯಾವಾಗ? ಶುರುವಿನಲ್ಲಿ. ಬೀಜದೊಳಗೆ ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ ಸ್ವಲ್ಪ ರಂಜಕ ಇರುತ್ತದೆ, ಅದು ಮೊಳಕೆಯ ಮೊದಲ ದಿನಗಳಿಗೆ ಸಾಕು. ಆಮೇಲೆ ಎಳೆ ಬೇರು ತಾನೇ ಹುಡುಕಿಕೊಳ್ಳಬೇಕು. ಬೇರು ಚಿಕ್ಕದು, ರಂಜಕ ಅದರತ್ತ ಬರುವುದಿಲ್ಲ. ಅದಕ್ಕೇ ಬಿತ್ತನೆಯ ಜೊತೆಗೇ, ಬೀಜದ ಸಾಲಿನ ಪಕ್ಕದಲ್ಲಿ, ಬೀಜಕ್ಕಿಂತ ಎರಡು ಇಂಚು ಕೆಳಗೆ ಗೊಬ್ಬರ ಬೀಳಬೇಕು. ಗೊಬ್ಬರ, ಬೀಜ ಎರಡನ್ನೂ ಬೇರೆ ಬೇರೆ ಆಳದಲ್ಲಿ ಬಿಡುವ ಕೂರಿಗೆ ಇರುವುದೇ ಇದಕ್ಕೆ. ಸಾಲಿನಲ್ಲಿ ಒಟ್ಟಾಗಿ ಬಿದ್ದ ಗೊಬ್ಬರಕ್ಕೆ ಮಣ್ಣಿನ ಸಂಪರ್ಕ ಕಡಿಮೆ, ಆದ್ದರಿಂದ ಮಣ್ಣು ಹಿಡಿದುಕೊಳ್ಳುವುದೂ ಕಡಿಮೆ. ಬೀಜಕ್ಕೆ ತಾಗಿಕೊಂಡೇ ಡಿಎಪಿ ಹಾಕಿದರೆ ಅದರಿಂದ ಹೊರಡುವ ಅಮೋನಿಯಾ ಮೊಳಕೆಯನ್ನು ಸುಡಬಹುದು. 'ಬೀಜ ಕಳಪೆ' ಎಂಬ ದೂರುಗಳಲ್ಲಿ ಕೆಲವು ನಿಜಕ್ಕೂ ಇದರ ಫಲ ಎಂಬುದು ನಮ್ಮ ಅನುಮಾನ.

ಕೊರತೆ ಇದ್ದಾಗ ಗಿಡ ಹಳದಿಯಾಗುವುದಿಲ್ಲ, ಅದೂ ಒಂದು ಮೋಸ. ಕುಳ್ಳಾಗಿ, ಎಲೆ ಮಂಕಾದ ಕಡು ಹಸಿರಾಗಿ ಉಳಿಯುತ್ತದೆ. ಮೆಕ್ಕೆಜೋಳದ ಎಳೆ ಗಿಡದಲ್ಲಿ ಕೆಳಗಿನ ಹಳೆಯ ಎಲೆಗಳ ಅಂಚು ನೇರಳೆ ಬಣ್ಣಕ್ಕೆ ತಿರುಗುತ್ತದೆ. ತೆಂಡೆ ಕಡಿಮೆ, ಹೂವು ತಡ, ಕಟಾವು ತಡ. ಚಳಿ ಬಿದ್ದಾಗಲೂ ಮೆಕ್ಕೆಜೋಳ ಕೆಲವು ದಿನ ನೇರಳೆಯಾಗಿ ಆಮೇಲೆ ಸರಿಹೋಗುವುದುಂಟು. ಫೋಟೊ ನೋಡಿ ತೀರ್ಪು ಕೊಡುವವರು ಇದನ್ನು ಮರೆಯುತ್ತಾರೆ.

ಮಣ್ಣು ಕಲ್ಲಾಗಲು ಕಾರಣ ಬೇರೆಯೇ

ಈ ನಂಬಿಕೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಏಕೆಂದರೆ ಹೇಳುವವರು ನೋಡಿಯೇ ಹೇಳುತ್ತಿದ್ದಾರೆ. 'ಅಪ್ಪನ ಕಾಲದಲ್ಲಿ ನೇಗಿಲು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು, ಈಗ ಟ್ರ್ಯಾಕ್ಟರೇ ಮುಕ್ಕರಿಯುತ್ತದೆ' ಎಂಬ ಮಾತು ಸುಳ್ಳಲ್ಲ. ಆದರೆ ಗೊಬ್ಬರದ ಚೀಲ ಊರಿಗೆ ಬಂದ ಕಾಲದಲ್ಲೇ ಇನ್ನೂ ಕೆಲವು ಸಂಗತಿಗಳು ನಡೆದವು. ಮನೆಯ ಎತ್ತು ದನ ಮಾರಾಟವಾದವು, ತಿಪ್ಪೆ ಬರಿದಾಯಿತು, ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹೊಡೆಯುವುದು ನಿಂತಿತು. ಭಾರದ ಯಂತ್ರಗಳು ಹಸಿ ಮಣ್ಣಿನ ಮೇಲೆ ಓಡಾಡಿದವು, ಒಂದೇ ಆಳದಲ್ಲಿ ವರ್ಷಗಟ್ಟಲೆ ಉತ್ತು ಕೆಳಗೊಂದು ಗಟ್ಟಿ ಪದರ ಕಟ್ಟಿತು. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ಎರೆ ನೆಲದಲ್ಲಿ ನೀರು ಹೆಚ್ಚಾಗಿ ಸವಳು ಏರಿತು. ಸೋಡಿಯಂ ಹೆಚ್ಚಾದ ಜೇಡಿಮಣ್ಣು ಒಣಗಿದಾಗ ನಿಜವಾಗಿಯೂ ಇಟ್ಟಿಗೆಯಂತಾಗುತ್ತದೆ. ಮಣ್ಣಿನ ಕಣಗಳನ್ನು ಅಂಟಿಸಿ ಪುಡಿಪುಡಿಯಾಗಿ ಇಡುವುದು ಸಾವಯವ ಅಂಶ, ಅದು ಖಾಲಿಯಾದರೆ ಮಣ್ಣು ಬಿಗಿಯುತ್ತದೆ. ಫಾಸ್ಫೇಟ್ ಇಲ್ಲಿ ಹತ್ತಿರದಲ್ಲಿ ನಿಂತಿದ್ದ ಕಾರಣಕ್ಕೆ ಸಿಕ್ಕಿಬಿದ್ದ ಆರೋಪಿ.

ರೋಥಮ್‌ಸ್ಟೆಡ್‌ನ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ 1843ರಿಂದ ಗೋಧಿ ಬೆಳೆಯುತ್ತಿದ್ದಾರೆ. ಬರೀ ರಾಸಾಯನಿಕ ಗೊಬ್ಬರ ಉಂಡ ತಾಕುಗಳು ಅಲ್ಲಿ ಈಗಲೂ ಒಳ್ಳೆಯ ಇಳುವರಿ ಕೊಡುತ್ತಿವೆ. ಆ ನೆಲಕ್ಕೆ ಹಿಂದಿನವರು ಸುಣ್ಣದ ಕಲ್ಲನ್ನು ಹೇರಳವಾಗಿ ಹಾಕಿದ್ದರು ಎಂಬುದನ್ನೂ ಹೇಳಬೇಕು. ಹುಳಿಯಾಗುವ ನಮ್ಮ ಕೆಂಪು ಮಣ್ಣಿಗೆ ಆ ಅನುಕೂಲ ಇಲ್ಲ. ಡಿಎಪಿಯ ಅಮೋನಿಯಂ, ಯೂರಿಯಾ ಎರಡೂ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಮಣ್ಣು ನಿಧಾನಕ್ಕೆ ಹುಳಿಯಾಗುತ್ತದೆ. ಬೆಂಗಳೂರಿನಲ್ಲಿ ರಾಗಿ, ಮೆಕ್ಕೆಜೋಳದ ಮೇಲೆ ನಡೆಯುತ್ತಿರುವ ದೀರ್ಘಕಾಲದ ಪ್ರಯೋಗದಲ್ಲಿ, ಬರೀ ರಾಸಾಯನಿಕ ಗೊಬ್ಬರದ ತಾಕಿಗಿಂತ ಅದರ ಜೊತೆ ಕೊಟ್ಟಿಗೆ ಗೊಬ್ಬರವೂ ಬಿದ್ದ ತಾಕು ಹೆಚ್ಚು ಇಳುವರಿ ಕೊಟ್ಟು ಅದನ್ನು ಉಳಿಸಿಕೊಂಡಿದೆ. ಹೆದರಿಸುವ ಸಂದೇಶದ ಬಾಲದ ನಿಜ ಇದು: ಬರೀ ಚೀಲದ ಗೊಬ್ಬರವನ್ನೇ ನಂಬಿದ ಕೆಂಪು ಮಣ್ಣು ಕಾಲಕ್ರಮದಲ್ಲಿ ಸೋಲುತ್ತದೆ. ಚೀಲ ಬಿಟ್ಟುಬಿಡುವುದು ಅದಕ್ಕೆ ಪರಿಹಾರವಲ್ಲ. ತಿಪ್ಪೆ ಮತ್ತು ಸುಣ್ಣ ವಾಪಸ್ಸು ಬರಬೇಕು.

ಕೊಟ್ಟಿಗೆ ಗೊಬ್ಬರ ರಂಜಕದ ಲೆಕ್ಕದಲ್ಲಿ ಬಡವ. ಒಂದು ಟನ್ನಿನಲ್ಲಿ ಎರಡು ಮೂರು ಕೆಜಿ ಅಷ್ಟೆ. ಆದರೆ ಅದು ಕೊಳೆಯುವಾಗ ಹುಟ್ಟುವ ಸಾವಯವ ಆಮ್ಲಗಳು ಮಣ್ಣಿನ ಹಿಡಿತದ ಜಾಗಗಳನ್ನು ತಾವೇ ಆಕ್ರಮಿಸಿ ರಂಜಕವನ್ನು ಬೇರಿಗೆ ಬಿಟ್ಟುಕೊಡುತ್ತವೆ. ಡಿಎಪಿಯನ್ನು ಒಳ್ಳೆಯ ಗೊಬ್ಬರದ ಜೊತೆ ಕೊಡಿ ಎನ್ನುವ ಹಳಬರ ಮಾತಿಗೆ ಹೀಗೊಂದು ರಸಾಯನಶಾಸ್ತ್ರವಿದೆ.

ಹೆಚ್ಚಾದರೆ ಏನಾಗುತ್ತದೆ?

ಯೂರಿಯಾ ಹೆಚ್ಚಾದರೆ ಪೈರು ಬಾಗಿ ಮಲಗುತ್ತದೆ, ಕಣ್ಣಿಗೆ ಕಾಣುತ್ತದೆ. ರಂಜಕ ಹೆಚ್ಚಾದರೆ ಮೇಲ್ನೋಟಕ್ಕೆ ಏನೂ ಕಾಣುವುದಿಲ್ಲ. ತೊಂದರೆ ಸತುವಿನ ರೂಪದಲ್ಲಿ ಬರುತ್ತದೆ. ರಂಜಕ ಮಿತಿಮೀರಿದಾಗ ಗಿಡಕ್ಕೆ ಸತು ಸಾಲದಾಗುತ್ತದೆ. ಮೆಕ್ಕೆಜೋಳದ ಎಳೆ ಎಲೆಗಳಲ್ಲಿ ಬಿಳಿ ಪಟ್ಟೆ, ಭತ್ತದ ಎಲೆಗಳಲ್ಲಿ ತುಕ್ಕು ಬಣ್ಣದ ಚುಕ್ಕೆ ಕಾಣುತ್ತವೆ. ಅದನ್ನು ರೋಗ ಎಂದುಕೊಂಡು ಔಷಧಿ ಸಿಂಪಡಿಸುವವರಿದ್ದಾರೆ. ಡಿಎಪಿ ಜೊತೆಗೇ ಜಿಂಕ್ ಸಲ್ಫೇಟ್ ಬೆರೆಸಿ ಹಾಕಬೇಡಿ, ಎರಡೂ ಸೇರಿ ಕರಗದ ಸತುವಿನ ಫಾಸ್ಫೇಟ್ ಆಗುತ್ತದೆ. ನಡುವೆ ಕೆಲವು ದಿನಗಳ ಅಂತರ ಕೊಡಿ. ಇನ್ನೊಂದು ನಷ್ಟವೂ ಇದೆ. ಬೇರಿನ ಜೊತೆ ಕೂಡಿ ಬಾಳುವ ಮೈಕೊರೈಜಾ ಎಂಬ ಶಿಲೀಂಧ್ರದ ಎಳೆಗಳು ಬೇರು ತಲುಪದ ಜಾಗದಿಂದ ರಂಜಕ ತಂದುಕೊಡುತ್ತವೆ. ಮಣ್ಣಿನಲ್ಲಿ ರಂಜಕ ತುಂಬಿ ತುಳುಕುವಾಗ ಗಿಡ ಈ ನೆಂಟಸ್ತಿಕೆಯನ್ನು ಕಡಿಮೆ ಮಾಡಿಕೊಳ್ಳುತ್ತದೆ.

ಹೊಲದಿಂದಾಚೆಗಿನ ತೊಂದರೆ ನೀರಿನದು. ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಂಡಿರುವುದರಿಂದ ಮೇಲ್ಮಣ್ಣು ಕೊಚ್ಚಿಹೋದಾಗ ಅದೂ ಕೆರೆ ಸೇರುತ್ತದೆ. ಕೆರೆಯಲ್ಲಿ ಪಾಚಿಗೆ ಅದು ಹಬ್ಬದೂಟ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. ಈರಿ ಸರೋವರದಲ್ಲಿ ಬೆಳೆದ ವಿಷಕಾರಿ ಪಾಚಿ ಕಾರಣ, ಆ ಪಾಚಿಗೆ ಮೇವು ಬಹುಪಾಲು ಸುತ್ತಲಿನ ಹೊಲಗಳ ರಂಜಕ. ನಮ್ಮ ಬೆಳ್ಳಂದೂರು ಕೆರೆಯ ನೊರೆಯನ್ನು ಮಾತ್ರ ರೈತರ ತಲೆಗೆ ಕಟ್ಟಬೇಡಿ. ಅದು ನಗರದ ಒಳಚರಂಡಿ ಮತ್ತು ಸೋಪಿನ ಪುಡಿಯ ಕೊಡುಗೆ.

ಇನ್ನು ಕ್ಯಾನ್ಸರ್. ರಂಜಕ ವಿಷವಲ್ಲ, ನಮ್ಮ ಪ್ರತಿ ಜೀವಕೋಶದಲ್ಲೂ ಇದೆ. ವಯಸ್ಕರ ದೇಹದಲ್ಲಿ, ಮುಖ್ಯವಾಗಿ ಮೂಳೆಯಲ್ಲಿ, ಸುಮಾರು 700 ಗ್ರಾಂ ಇರುತ್ತದೆ. ಗಮನಿಸಬೇಕಾದದ್ದು ಕಲ್ಲಿನ ಜೊತೆ ಬರುವ ಕ್ಯಾಡ್ಮಿಯಂ ಎಂಬ ಭಾರಲೋಹ. ಯಾವ ಗಣಿಯ ಕಲ್ಲು ಎಂಬುದರ ಮೇಲೆ ಅದರ ಪ್ರಮಾಣ ಹೆಚ್ಚುಕಡಿಮೆ ಆಗುತ್ತದೆ. ಯುರೋಪಿನ ಒಕ್ಕೂಟ 2022ರಿಂದ ಪ್ರತಿ ಕೆಜಿ ರಂಜಕದ ಆಕ್ಸೈಡ್‌ಗೆ 60 ಮಿಲಿಗ್ರಾಂ ಎಂಬ ಮಿತಿ ಜಾರಿಗೆ ತಂದಿದೆ. ಒಂದು ಚೀಲದಿಂದ ಆಗುವ ಅಪಾಯ ಇದಲ್ಲ. ದಶಕಗಟ್ಟಲೆ ಅಗತ್ಯಕ್ಕಿಂತ ಹೆಚ್ಚು ಹಾಕಿದಾಗ, ಅದರಲ್ಲೂ ಹುಳಿ ಮಣ್ಣಿನಲ್ಲಿ, ಶೇಖರವಾಗುವ ಪ್ರಶ್ನೆ. ಈ ಸಂದೇಶವನ್ನು ಬೀಡಿ ಸೇದುತ್ತಾ ಫಾರ್ವರ್ಡ್ ಮಾಡುವವರಿಗೆ ಒಂದು ಮಾಹಿತಿ: ಧೂಮಪಾನಿಗಳ ದೇಹಕ್ಕೆ ಕ್ಯಾಡ್ಮಿಯಂ ಸೇರುವ ದೊಡ್ಡ ದಾರಿ ತಂಬಾಕಿನ ಹೊಗೆಯೇ.

ಡಿಎಪಿ ಸಿಗದಿದ್ದರೆ?

ಮೂರು ಚೀಲ ಸೂಪರ್ ಹಾಕಿದರೆ 24 ಕೆಜಿ ರಂಜಕ, ಜೊತೆಗೆ 20 ಕೆಜಿ ಯೂರಿಯಾ ಸೇರಿಸಿದರೆ ಒಂದು ಚೀಲ ಡಿಎಪಿಯ ಲೆಕ್ಕ ಮುಗಿಯಿತು. ಹೊರುವ ಕೂಲಿ ಹೆಚ್ಚು, ಅದು ನಿಜ. ಆದರೆ ಗಂಧಕ ಪುಕ್ಕಟೆಯಾಗಿ ಸಿಗುತ್ತದೆ. ಶೇಂಗಾ, ಸೂರ್ಯಕಾಂತಿಯಂಥ ಎಣ್ಣೆಕಾಳಿಗೆ ಡಿಎಪಿಗಿಂತ ಸೂಪರ್ ಒಳ್ಳೆಯದು ಎಂದು ನಾವು ಅನುಮಾನವಿಲ್ಲದೆ ಹೇಳುತ್ತೇವೆ. 10-26-26ರಂಥ ಕಾಂಪ್ಲೆಕ್ಸ್ ಇದ್ದರೆ ಡಿಎಪಿಯಲ್ಲಿ ಇಲ್ಲದ ಪೊಟ್ಯಾಷ್ ಕೂಡ ಸಿಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಹುಳಿ ಮಣ್ಣಿನಲ್ಲಿ ಅಗ್ಗದ ರಾಕ್ ಫಾಸ್ಫೇಟ್ ಪುಡಿಯನ್ನೇ ನೇರವಾಗಿ ಹಾಕುವ ರೂಢಿ ಇದೆ, ಆ ಹುಳಿಯೇ ಅದನ್ನು ನಿಧಾನಕ್ಕೆ ಕರಗಿಸುತ್ತದೆ. ಅದೇ ಪುಡಿಯನ್ನು ಎರೆ ಮಣ್ಣಿಗೆ ಹಾಕಿದರೆ ಕಲ್ಲು ಕಲ್ಲಾಗಿಯೇ ಇರುತ್ತದೆ.

2023ರಲ್ಲಿ ಮಾರುಕಟ್ಟೆಗೆ ಬಂದ ನ್ಯಾನೋ ಡಿಎಪಿ ಬಗ್ಗೆ ಬಹಳ ಜನ ಕೇಳುತ್ತಾರೆ. ಬಾಟಲಿಯ ಮೇಲೇ ರಂಜಕ ಶೇ 16 ಎಂದಿದೆ. ಅಂದರೆ ಅರ್ಧ ಲೀಟರಿನಲ್ಲಿ ಸುಮಾರು 80 ಗ್ರಾಂ. ಚೀಲದಲ್ಲಿ 23 ಕೆಜಿ. 20 ಕ್ವಿಂಟಲ್ ಭತ್ತದ ಕಾಳು ಗದ್ದೆಯಿಂದ ಹೊತ್ತೊಯ್ಯುವ ಶುದ್ಧ ರಂಜಕವೇ 5 ಕೆಜಿಯಷ್ಟಿರುತ್ತದೆ. ಬೀಜೋಪಚಾರಕ್ಕೆ, ಎಲೆಗೆ ಸಿಂಪಡಿಸಲು ಅದರ ಉಪಯೋಗ ಏನೇ ಇರಲಿ, ಖಾಲಿಯಾದ ಹಗೇವು ಬಾಟಲಿಯಿಂದ ತುಂಬುವುದಿಲ್ಲ. ಹಗೇವು ತುಂಬಿರುವ ಹೊಲದಲ್ಲಿ ಒಂದೆರಡು ವರ್ಷ ಬಾಟಲಿ ಕೆಲಸ ಮಾಡಿದಂತೆ ಕಾಣಬಹುದು. ಅಲ್ಲಿ ಏನೂ ಹಾಕದಿದ್ದರೂ ಹಾಗೆಯೇ ಕಾಣುತ್ತಿತ್ತೇನೋ.

ಸುಣ್ಣ ತೀಡಿ ನೋಡುವ ಪರೀಕ್ಷೆ

ನಕಲಿ ಡಿಎಪಿ ಪತ್ತೆಗೆ ಗುಳಿಗೆಯನ್ನು ಸುಣ್ಣದ ಜೊತೆ ತಂಬಾಕಿನಂತೆ ತೀಡಿ ನೋಡಿ, ಮೂಗಿಗೆ ಘಾಟು ಹೊಡೆದರೆ ಅಸಲಿ ಎಂಬ ವಿಡಿಯೊ ನಿಮಗೂ ಬಂದಿರಬಹುದು. ಘಾಟು ಬರುವುದು ನಿಜ, ಸುಣ್ಣ ತಾಗಿದಾಗ ಅಮೋನಿಯಂ ಅಮೋನಿಯಾ ಅನಿಲವಾಗಿ ಹಾರುತ್ತದೆ. ಘಾಟು ಬಾರದಿದ್ದರೆ ಅನುಮಾನ ಪಡಿ. ಬಂದರೂ ನೆಮ್ಮದಿಯಾಗಬೇಡಿ. ಅಮೋನಿಯಂ ಸಲ್ಫೇಟ್ ತೀಡಿದರೂ ಅದೇ ಘಾಟು ಬರುತ್ತದೆ. ರಂಜಕ ಎಷ್ಟಿದೆ ಎಂದು ಈ ಪರೀಕ್ಷೆ ಹೇಳಲಾರದು, ಅದಕ್ಕೆ ಪ್ರಯೋಗಾಲಯವೇ ಬೇಕು. ಬಿಲ್ಲು ಪಡೆದು ಇಟ್ಟುಕೊಳ್ಳಿ, ಅನುಮಾನವಿದ್ದರೆ ಕೃಷಿ ಇಲಾಖೆಗೆ ಮಾದರಿ ಕೊಡಿ. ಗುಳಿಗೆಯ ಬಣ್ಣ ಕಪ್ಪೋ ಕಂದೋ ಬಿಳುಪೋ ಎಂಬುದು ಕಲ್ಲಿನ ಮೂಲದಿಂದ, ಲೇಪನದಿಂದ ಬದಲಾಗುತ್ತದೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಬಿತ್ತಿ ತಿಂಗಳಾದ ಮೇಲೂ ಮಣ್ಣಿನಲ್ಲಿ ಗುಳಿಗೆಯ ಹೊಟ್ಟಿನಂಥದ್ದು ಕಂಡರೆ ಗಾಬರಿ ಬೇಡ. ಸತ್ವ ಕರಗಿ ಹೋಗಿ ಕರಗದ ಕಶ್ಮಲ ಉಳಿದಿರುತ್ತದೆ.

ನಿಮ್ಮ ಹೊಲದ ಹಗೇವು ನೋಡುವುದು ಹೇಗೆ?

ದೇಶದಲ್ಲಿ 2015ರಿಂದ ಮಣ್ಣು ಆರೋಗ್ಯ ಚೀಟಿ ಕೊಡಲಾಗುತ್ತಿದೆ. ಅದರಲ್ಲಿ ರಂಜಕದ ಸಾಲು ಹುಡುಕಿ. ಶುದ್ಧ ರಂಜಕದ ಲೆಕ್ಕದಲ್ಲಿ ಹೆಕ್ಟೇರಿಗೆ 10 ಕೆಜಿಗಿಂತ ಕಡಿಮೆ ಇದ್ದರೆ ಕೊರತೆ, 25 ಕೆಜಿವರೆಗೆ ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು. ಆಕ್ಸೈಡ್ ಲೆಕ್ಕದಲ್ಲಿ ಬರೆದಿದ್ದರೆ ಈ ಗಡಿಗಳು ಸುಮಾರು 23 ಮತ್ತು 57. ಚೀಟಿಯಲ್ಲಿ ಯಾವ ಲೆಕ್ಕ ಎಂದು ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ತುಂಬಿದ ಹಗೇವು ಖಾಲಿಯಂತೆಯೂ ಖಾಲಿಯಾದದ್ದು ತುಂಬಿದಂತೆಯೂ ಕಂಡೀತು. ಮಧ್ಯಮ ಬಂದರೆ ಶಿಫಾರಸಿನಷ್ಟೇ ಹಾಕಿ. ಮಳೆಯಾಶ್ರಿತ ರಾಗಿಯನ್ನು ತೆಗೆದುಕೊಳ್ಳಿ: ಹೆಕ್ಟೇರಿಗೆ 40 ಕೆಜಿ ರಂಜಕ ಎಂದರೆ ಎಕರೆಗೆ 16 ಕೆಜಿ, ಅಂದರೆ 35 ಕೆಜಿ ಡಿಎಪಿ. ಪೂರ್ತಿ ಚೀಲವೂ ಬೇಡ. ಹೆಚ್ಚು ಎಂದು ಬಂದರೆ ಕಾಲು ಭಾಗದಿಂದ ಅರ್ಧದವರೆಗೆ ಕಡಿಮೆ ಮಾಡುವುದು ರೂಢಿ. ವರ್ಷಕ್ಕೆ ಎರಡು ಮೂರು ಬೆಳೆಗೂ ಡಿಎಪಿ, ಕೋಳಿ ಗೊಬ್ಬರ ಕಂಡ ತರಕಾರಿ, ಹೂವು, ದ್ರಾಕ್ಷಿ ತೋಟಗಳಲ್ಲಿ ಹೆಚ್ಚು ಎಂದು ಬರುವುದು ಅಪರೂಪವಲ್ಲ.

ಮಾದರಿ ತೆಗೆಯುವುದು ಸರಿಯಾಗದಿದ್ದರೆ ಚೀಟಿಗೆ ಬೆಲೆಯಿಲ್ಲ. ಬೆಳೆ ಕಟಾವಾಗಿ ಗೊಬ್ಬರ ಹಾಕುವ ಮೊದಲು ತೆಗೆಯಿರಿ. ಬದು, ತಿಪ್ಪೆ ಗುಂಡಿ ಇದ್ದ ಜಾಗ, ಮರದ ನೆರಳು, ಕಳೆದ ಬೆಳೆಯ ಗೊಬ್ಬರದ ಸಾಲು ಬಿಟ್ಟು ಹೊಲದ ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂಟಿಮೀಟರ್ ಆಳಕ್ಕೆ ಗುಂಡಿ ತೋಡಿ, ಅದರ ಪಕ್ಕದ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಹೋಳು ಮಣ್ಣು ಕೆರೆದು ತೆಗೆಯಿರಿ. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದದ್ದನ್ನು ಮತ್ತೆ ಬೆರೆಸಿ, ಹೀಗೆ ಅರ್ಧ ಕೆಜಿ ಉಳಿಯುವವರೆಗೆ ಮಾಡಿ. ನೆರಳಲ್ಲಿ ಒಣಗಿಸಿ. ಖಾಲಿ ಗೊಬ್ಬರದ ಚೀಲದ ಮೇಲೆ ಮಾತ್ರ ಒಣಗಿಸಬೇಡಿ, ಅದರಲ್ಲಿ ಉಳಿದ ನಾಲ್ಕು ಗುಳಿಗೆ ಸಾಕು ಲೆಕ್ಕ ಕೆಡಿಸಲು. ಆಮೇಲೆ ಬಟ್ಟೆ ಚೀಲಕ್ಕೆ ಹಾಕಿ, ಹೆಸರು, ಸರ್ವೆ ನಂಬರ್, ಹಿಂದಿನ ಬೆಳೆ ಬರೆದ ಚೀಟಿ ಇಟ್ಟು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಫಲಿತಾಂಶ ಬರಲು ಸಮಯ ಹಿಡಿಯುತ್ತದೆ, ಮೇ ತಿಂಗಳ ಕೊನೆಗೆ ಕೊಟ್ಟು ಜೂನ್ ಮೊದಲ ವಾರ ಕೇಳಿದರೆ ಸಿಗುವುದು ಕಷ್ಟ. ಹಿಂಗಾರಿನ ಕಟಾವು ಮುಗಿದ ಫೆಬ್ರವರಿ, ಮಾರ್ಚ್‌ನಲ್ಲೇ ಕೊಟ್ಟುಬಿಡಿ.